ಸುಟ್ಟ ನೆಲದ ಆಸರೆ

ಜನವರಿ ತಿಂಗಳು ಬಂತೆಂದರೆ ನಾಂಪಲ್ಲಿಯಲ್ಲಿ ಮನೆಮಾಡಿಕೊಂಡಿರುವ ನಮ್ಮಂಥವರ ಮೇಲೆ ಬಂಧುಬಳಗಕ್ಕೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುತ್ತದೆ. ಕಾರಣ ಓದುಗರಿಗೆ ಗೊತ್ತೇ ಇದೆ. ನುಮಾಯಿಷ್ ನಡೆಯುವ ಮೈದಾನ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಬೀಗರು ಬರುತ್ತಾರೆ, ಬೀಗರ ಬೀಗರು ಬರುತ್ತಾರೆ, ಶಾಲು ಕೊಳ್ಳುತ್ತಾರೆ, ಉಪ್ಪಿನಕಾಯಿ ಜಾಡಿ ಕೊಳ್ಳುತ್ತಾರೆ, ಅದನ್ನು ಹೊತ್ತು ರೈಲು ಹತ್ತಿಸುವ ಕೆಲಸ ನಮ್ಮ ಪಾಲಿಗೆ. ಆದರೆ ವರ್ಷವರ್ಷವೂ ಕರೆದರೂ ಬಾರದೆ ಇದ್ದವನೊಬ್ಬನಿದ್ದ, ನಮ್ಮ ಭಾವಮೈದುನ. ಕಳೆದ ಜನವರಿಯಲ್ಲಿ ಅವನೂ ಬಂದ.

ಮೈದಾನದ ಬಾಗಿಲು ದಾಟಿದವನು ಬಳೆಯಂಗಡಿಯ ಕಡೆ ನೋಡಲಿಲ್ಲ, ಎತ್ತರದ ತೊಟ್ಟಿಲನ್ನೂ ನೋಡಲಿಲ್ಲ. ನಿಂತಲ್ಲೇ ನಿಂತು, “ಭಾವ, ಇಲ್ಲಿಂದ ಆಚೆಗ್ ಹೋಗಕ್ಕೆ ಎಷ್ಟ್ ಬಾಗ್ಲು?” ಎಂದು ಕೇಳಿದ.

ಕೇಳಬಾರದ ಪ್ರಶ್ನೆಯೇನಲ್ಲ. 1938ರಿಂದ ನಡೆದುಬಂದಿರುವ ಈ ಪ್ರದರ್ಶನದಲ್ಲಿ 2019ರ ಜನವರಿ 30ರ ರಾತ್ರಿ ಬೆಂಕಿ ಎದ್ದು ಮಳಿಗೆಯ ಸಾಲುಗಳೇ ಬೂದಿಯಾದದ್ದು ಇಲ್ಲಿಯವರಾರೂ ಮರೆತಿಲ್ಲ. ದೇವರ ದಯೆ, ಪ್ರಾಣಹಾನಿಯಾಗಲಿಲ್ಲ. ದೂರದ ಊರುಗಳಿಂದ ವರ್ಷದ ಬಂಡವಾಳವನ್ನೆಲ್ಲ ಹೊತ್ತುತಂದಿದ್ದ ವ್ಯಾಪಾರಿಗಳು ಬೂದಿ ಕೆದಕುತ್ತ ಕುಳಿತಿದ್ದ ನೋಟ ಮಾತ್ರ ಕಣ್ಣಿನಲ್ಲಿ ಉಳಿದಿದೆ. ಆ ರಾತ್ರಿ ನಾವು ಮಗುವನ್ನೆತ್ತಿಕೊಂಡು ತಾರಸಿಯ ಮೇಲೆ ನಿಂತು ಕೆಂಪಾದ ಆಕಾಶವನ್ನು ನೋಡಿದೆವು. ‘ಬೆಂಕಿಯ ದರ್ಶನ ಈ ವರ್ಷಕ್ಕೆ ಇಷ್ಟು ಸಾಕಪ್ಪ’ ಎಂದು ಮನೆಯಾಕೆ ಅಂದದ್ದೂ ನೆನಪಿದೆ. ಮೂರು ವಾರ ಕಳೆಯುವಷ್ಟರಲ್ಲಿ ಆಕೆಯ ತೌರಿನಿಂದ ದೂರವಾಣಿ ಬಂತು. ಬೆಟ್ಟ ಹತ್ತಿ ಉರಿಯುತ್ತಿದೆ, ತಮ್ಮ ಬೆಂಕಿ ಆರಿಸಲು ಹೋದವನು ಇನ್ನೂ ಬಂದಿಲ್ಲ!

ತೌರೆಂದರೆ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಣ್ಣಿಗೆ ಕಾಣುವಷ್ಟು ಹತ್ತಿರದ ಒಂದು ಕಾಡಂಚಿನ ಹಳ್ಳಿ. ಹೆಸರು ಬರೆದರೆ ಅತ್ತೆಯವರು ಒಪ್ಪುವುದಿಲ್ಲ, ಆದ್ದರಿಂದ ಬಿಟ್ಟಿದ್ದೇವೆ. ಬಂಡೀಪುರದ ಕುಂದಕೆರೆ ವಲಯದಲ್ಲಿ ಫೆಬ್ರವರಿ 21ರಂದು ಕಾಣಿಸಿಕೊಂಡ ಬೆಂಕಿ ಎರಡು ದಿನದಲ್ಲಿ ಗಾಳಿಯ ಹೆಗಲೇರಿ ಗೋಪಾಲಸ್ವಾಮಿ ಬೆಟ್ಟದ ಹುಲ್ಲುಗಾವಲಿಗೆ ನುಗ್ಗಿತು. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲು ಫೆಬ್ರವರಿಗೆ ಹಪ್ಪಳದಂತೆ ಒಣಗಿರುತ್ತದೆ. ಅದರ ಜೊತೆಗೆ ಮರದ ಕೆಳಗೆಲ್ಲ ಹೆಣೆದುಕೊಂಡ ಲಂಟಾನದ ಪೊದೆ. ಬೆಂಗಳೂರಿನ ಯಲಹಂಕದಲ್ಲಿ ವಿಮಾನ ಪ್ರದರ್ಶನ ನೋಡಲು ಹೋದವರ ಮುನ್ನೂರರಷ್ಟು ಕಾರುಗಳು ನಿಂತಲ್ಲೇ ಸುಟ್ಟುಹೋದದ್ದೂ ಅದೇ ಫೆಬ್ರವರಿ 23ರಂದು, ಅದೂ ಒಣಹುಲ್ಲಿನ ಮೈದಾನದಲ್ಲಿಯೇ. ಪತ್ರಿಕೆಗಳಲ್ಲಿ ಕಾರಿನ ಚಿತ್ರಗಳಿಗೆ ಸಿಕ್ಕಷ್ಟು ಜಾಗ ಮೊದಮೊದಲು ಕಾಡಿಗೆ ಸಿಗಲಿಲ್ಲವೆಂಬ ಸಣ್ಣ ಅಸಮಾಧಾನ ನಮಗಿದೆ.

ಕೊನೆಗೆ 25ರಂದು ತಮಿಳುನಾಡಿನ ಸೂಲೂರು ನೆಲೆಯಿಂದ ವಾಯುಪಡೆಯ ಎರಡು ಹೆಲಿಕಾಪ್ಟರುಗಳು ಬಂದು, ದೊಡ್ಡ ತೊಟ್ಟಿಯಂಥ ಚೀಲದಲ್ಲಿ ನೀರೆತ್ತಿ ಸುರಿದವು. ಎಷ್ಟು ಸುಟ್ಟಿತೆಂಬ ಲೆಕ್ಕ ಸಿಕ್ಕಿದ್ದು ನಮ್ಮ ಹೈದರಾಬಾದಿನಲ್ಲಿಯೇ. ಬಾಲಾನಗರದ ರಾಷ್ಟ್ರೀಯ ದೂರಸಂವೇದಿ ಕೇಂದ್ರದವರು ಉಪಗ್ರಹದ ಚಿತ್ರ ಹಿಡಿದು ಸುಮಾರು 4,400 ಹೆಕ್ಟೇರು, ಎಂದರೆ 10,900 ಎಕರೆಯಷ್ಟು ಎಂದು ಅಳೆದರು. ಬೆಂದ ಮೊಲ, ಬೆಂದ ಹಾವು ಎಂದು ನಮ್ಮ ಸಂಘದವರ ಮೊಬೈಲುಗಳಲ್ಲೆಲ್ಲ ಓಡಾಡಿದ ಚಿತ್ರಗಳಲ್ಲಿ ಹಲವು ಬೇರೆ ದೇಶದ ಹಳೆಯ ಬೆಂಕಿಗಳವು ಎಂದು ಆಮೇಲೆ ತಿಳಿಯಿತು. ಅವನ್ನು ನೋಡಿ ಮನೆಯಾಕೆ ಎರಡು ದಿನ ಊಟ ಬಿಟ್ಟದ್ದು ಮಾತ್ರ ನಿಜ.

ಅವಳ ಭಯಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸುತ್ತಿದ್ದ ಎಳೆಯ ಅರಣ್ಯ ರಕ್ಷಕನೊಬ್ಬ ಬೆಂಕಿಗೆ ಸಿಕ್ಕಿ ತೀರಿಕೊಂಡಿದ್ದ. ಆ ಸುದ್ದಿ ಸುತ್ತಿನ ಹಳ್ಳಿಗಳ ತಾಯಂದಿರ ಎದೆಯಲ್ಲಿ ಹಾಗೇ ಇತ್ತು.

ನಮ್ಮ ಹುಡುಗ ಮರುದಿನ ಬೆಳಗ್ಗೆ ಮನೆಗೆ ಬಂದ. ಹುಬ್ಬು ಇರಲಿಲ್ಲ, ಚಪ್ಪಲಿಯ ಅಟ್ಟೆ ಕರಗಿತ್ತು, ಉಳಿದಂತೆ ಕ್ಷೇಮ. ನಡೆದದ್ದನ್ನು ಅವನು ನಮಗೆ ಹೇಳಿದ್ದು ಬಹಳ ದಿನ ಕಳೆದಮೇಲೆ, ಅದೂ ತುಂಡು ತುಂಡಾಗಿ. ಅವರು ಹನ್ನೊಂದು ಜನ ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿಯ ಪಕ್ಕೆಯನ್ನು ಬಡಿಯುತ್ತ ಹೋಗಿದ್ದರು. ಕಾಡಿನ ಬೆಂಕಿಯನ್ನು ಎದುರಿನಿಂದ ಯಾರೂ ಬಡಿಯುವುದಿಲ್ಲ. ಪಕ್ಕೆಯಿಂದ ಬಡಿದು ಬಡಿದು ಅದರ ಮುಖವನ್ನು ಕಿರಿದು ಮಾಡಬೇಕು. ಸಂಜೆಯ ಹೊತ್ತಿಗೆ ಗಾಳಿ ತಿರುಗಿತು. ಪಕ್ಕೆಯಾಗಿದ್ದದ್ದು ಮುಖವಾಯಿತು. ಹುಡುಗರೆಲ್ಲ ಏರಿನ ಕಡೆ ಓಡಲು ಹೊರಟರು. ಜೊತೆಯಲ್ಲಿದ್ದ ಹಾಡಿಯ ಹಿರಿಯನೊಬ್ಬ, ಬಹಳ ವರ್ಷ ಬೆಂಕಿ ಕಾವಲುಗಾರನಾಗಿದ್ದವನು, ಅಂಗಿ ಹಿಡಿದೆಳೆದು ಎಲ್ಲರನ್ನೂ ಬೆಂಕಿಯ ಕಡೆಗೇ ತಿರುಗಿಸಿದ. ಉರಿಯ ಸಾಲು ಮೊಣಕಾಲೆತ್ತರಕ್ಕೆ ಕುಗ್ಗಿದ್ದ ಕಡೆ ನೋಡಿ ಅದನ್ನು ದಾಟಿಸಿ, ಆಚೆ ಆಗಲೇ ಸುಟ್ಟು ಕರಿಯಾಗಿದ್ದ ನೆಲಕ್ಕೆ ಕರೆದೊಯ್ದ. ಕಾಲ ಕೆಳಗೆ ಕೆಂಡ, ಸುತ್ತ ಹೊಗೆ. ಒದ್ದೆ ಟವಲು ಮೂಗಿಗೆ ಕಟ್ಟಿಕೊಂಡು, ನೆಲ ಆರಿದ ಕಡೆ ತಲೆ ತಗ್ಗಿಸಿ ಕುಳಿತು, ರಾತ್ರಿಯೆಲ್ಲ ಅಲ್ಲಿಯೇ ಕಳೆದರು.

“ಸುಟ್ಟೋಗಿರ ನೆಲ್ವ ಬೆಂಕಿ ಇನ್ನೊಂದ್ ಸಲ ತಿನ್ನಕಿಲ್ಲ ಭಾವ” ಎಂದು ಅವನು ಹೇಳಿದಾಗ, ಬಿ.ಎ. ಓದಿದ ನಮಗೆ ಇಷ್ಟು ಸುಲಭದ ಮಾತು ಈವರೆಗೆ ಹೊಳೆದಿರಲಿಲ್ಲವಲ್ಲ ಎನ್ನಿಸಿತು.

ಆಮೇಲೆ ಈ ವಿಷಯ ಕಂಡಲ್ಲೆಲ್ಲ ಓದುವ ಚಟ ಹತ್ತಿತು. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೇ ಓಡುತ್ತದೆ, ಏಕೆಂದರೆ ಜ್ವಾಲೆ ವಾಲಿಕೊಂಡು ಮೇಲಿನ ಹುಲ್ಲನ್ನು ಮುಂಚಿತವಾಗಿಯೇ ಕಾಯಿಸಿ ಒಣಗಿಸಿಬಿಡುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ವೇಗ ಇಮ್ಮಡಿಯಾಗುತ್ತದೆಂದು ಆಸ್ಟ್ರೇಲಿಯದವರ ಲೆಕ್ಕ. ಆ ವೇಗದ ಮುಂದೆ ಮನುಷ್ಯ ಓಡಿ ಗೆಲ್ಲಲಾರ. ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ 2018ರ ಮಾರ್ಚ್ 11ರಂದು ಚಾರಣಕ್ಕೆ ಹೋಗಿದ್ದವರು ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ 2009ರ ಫೆಬ್ರವರಿ 7ರ ಶನಿವಾರ, ಮೆಲ್ಬರ್ನ್ ಪಟ್ಟಣದಲ್ಲೇ 46 ಡಿಗ್ರಿ ಬಿಸಿಲು ಕಾದ ದಿನ, ಸಂಜೆ ಗಾಳಿ ತಿರುಗಿ ಬೆಂಕಿಯ ಉದ್ದನೆಯ ಪಕ್ಕೆಯೇ ಮುಖವಾಗಿ ಹಳ್ಳಿಗಳ ಮೇಲೆ ಬಂತು. ಸತ್ತವರು 173 ಜನ, ಹೋದ ಮನೆಗಳು ಎರಡು ಸಾವಿರಕ್ಕೂ ಮಿಕ್ಕು. ನಮ್ಮ ಭಾವಮೈದುನ ಕಂಡ ಆ ಗಳಿಗೆಯೇ, ನೂರಾರು ಪಟ್ಟು ದೊಡ್ಡದಾಗಿ. ಸಿದ್ಧನಾಗಿ ನಿಂತು ಮನೆ ಕಾಯಿ, ಇಲ್ಲವೇ ಬೇಗನೆ ಹೊರಡು ಎಂಬುದು ಅಲ್ಲಿಯವರಿಗೆ ಅದುವರೆಗೆ ಕಲಿಸಿದ್ದ ಪಾಠ. ಆ ದಿನದ ನಂತರ ವಿಚಾರಣಾ ಆಯೋಗ ಕುಳಿತು, ಅತಿ ಘೋರ ದಿನಗಳಲ್ಲಿ ಹೊರಟುಬಿಡುವುದೇ ಕ್ಷೇಮ ಎಂಬ ಕಡೆಗೆ ಮಾತು ತಿರುಗಿತು. ನಮ್ಮ ಓದುಗರಲ್ಲಿ ಮಕ್ಕಳನ್ನು ಮೆಲ್ಬರ್ನಿಗೆ ಕಳಿಸಿದವರು ಇದ್ದಾರೆ. ಅವರು ಇದನ್ನೊಂದಿಷ್ಟು ಕೇಳಿ ತಿಳಿದುಕೊಂಡರೆ ಒಳ್ಳೆಯದು.

ಆ ವರ್ಷ ಬೇಸಗೆ ರಜೆಗೆ ನಾವು ಊರಿಗೆ ಹೋದಾಗ ಎರಡು ಮಳೆ ಬಿದ್ದಿತ್ತು. ಬೂದಿಯನ್ನೇ ಗೊಬ್ಬರ ಮಾಡಿಕೊಂಡು ಹುಲ್ಲು ಎದ್ದಿತ್ತು, ಜಿಂಕೆ ಮೇಯುತ್ತಿದ್ದವು. ದಪ್ಪ ತೊಗಟೆಯ ಮತ್ತಿ, ದಿಂಡಿಗದ ಮರಗಳು ಬುಡ ಕಪ್ಪಾಗಿದ್ದರೂ ಚಿಗುರಿದ್ದವು. ‘ನೋಡಿದಿರಾ, ಎಲ್ಲ ಸರಿಹೋಯಿತು’ ಎಂದು ನಾವು ಪಟ್ಟಣದವರ ಧಾಟಿಯಲ್ಲಿ ಅಂದೆವು. ಮಾವನವರು ಏನೂ ಹೇಳದೆ ನಮ್ಮನ್ನು ಕಾಡಂಚಿಗೆ ಕರೆದುಕೊಂಡು ಹೋಗಿ ಬಗ್ಗಿ ತೋರಿಸಿದರು. ದೊಡ್ಡ ಮರಗಳೇನೋ ಉಳಿದಿದ್ದವು. ಮೊಣಕಾಲೆತ್ತರದ ಸಸಿಗಳು ಕಡ್ಡಿಯಾಗಿದ್ದವು. ಬೇರಿನಿಂದ ಕೆಲವು ಮತ್ತೆ ಹೊರಟಿದ್ದವು, ಆದರೆ ಅವಕ್ಕಿಂತ ಮುಂಚೆ ಲಂಟಾನ ಎದ್ದಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಹೀಗೇ ದೊಡ್ಡ ಬೆಂಕಿ ಬಿದ್ದರೆ ಮುದಿಮರಗಳ ಕಾಡು ಉಳಿಯುತ್ತದೆ, ಮಕ್ಕಳಿಲ್ಲದ ಮನೆಯ ಹಾಗೆ.

ಮನೆಯೊಳಗೂ ಅಷ್ಟೆ. ಹುಬ್ಬು ಬಂದಿತ್ತು, ನಿದ್ದೆ ಬಂದಿರಲಿಲ್ಲ. ಅತ್ತೆಯವರು ಬೆಳಗ್ಗೆ ನೀರೊಲೆಗೆ ಸೌದೆ ಒಡ್ಡಿದರೆ ಹುಡುಗ ಹಿತ್ತಲಿನಿಂದ ಎದ್ದು ಬೀದಿಗೆ ಹೋಗುತ್ತಿದ್ದ. ಸುಟ್ಟ ಬದನೆಕಾಯಿ ಗೊಜ್ಜು ಅವನ ಪ್ರಾಣವಾಗಿತ್ತು, ಅದನ್ನು ಮುಟ್ಟಲಿಲ್ಲ. ಇದನ್ನು ಯಾವ ವೈದ್ಯರಿಗೂ ತೋರಿಸಲಿಲ್ಲ. ಏನೆಂದು ತೋರಿಸುವುದು? ಗಾಯವಿಲ್ಲ. ಗುಮಾಸ್ತರಾದ ನಮಗೆ ಪರಿಹಾರದ ಅರ್ಜಿ ಬರೆಯುವುದೊಂದು ಗೊತ್ತು. ಅದರಲ್ಲಿ ಮನೆ, ಬೆಳೆ, ಜಾನುವಾರು ಎಂದು ಕಾಲಮ್ಮುಗಳಿವೆಯೇ ಹೊರತು ನಿದ್ದೆಗೆ ಕಾಲಮ್ಮಿಲ್ಲ.

ಇದರ ಮೇಲೆ ಇನ್ನೊಂದು ಹೊರೆ. ಬಿದಿರಿಗೆ ಬಿದಿರು ತೀಡಿ ಕಾಡ್ಗಿಚ್ಚು ಏಳುತ್ತದೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ; ಆದರೆ ನಮ್ಮ ಒಣಕಾಡುಗಳ ಬೆಂಕಿ ಹೆಚ್ಚುಕಡಮೆ ಪೂರ್ತಿ ಮನುಷ್ಯನ ಕೈಯದೇ ಎಂದು ಅರಣ್ಯದವರು ಹೇಳುತ್ತಾರೆ. ಆ ಸಲವೂ ದನಗಳ ಮೇಲೆ ಹುಲಿ ಬೀಳದಿರಲೆಂದು ಯಾರೋ ಪೊದೆಗೆ ಬೆಂಕಿ ಇಟ್ಟರೆಂದು ಪತ್ರಿಕೆಗಳಲ್ಲಿ ಬಂತು, ಬಂಧನವೂ ಆಯಿತು. ಅಂದಿನಿಂದ ಕಾಡಂಚಿನ ಹಳ್ಳಿಯವರೆಂದರೆ ಸಂತೆಯಲ್ಲಿ ಕೂಡ ಒಂದು ನೋಟ. ‘ನಿಮ್ಮೋರೇ ಅಲ್ವಾ ಹಚ್ಚಿದ್ದು’ ಎಂದು ಗುಂಡ್ಲುಪೇಟೆಯ ಬಸ್ಸಿನಲ್ಲಿ ಯಾರೋ ಅಂದರಂತೆ, ಬೆಂಕಿ ಬಡಿದು ಬಂದ ಹುಡುಗನಿಗೆ! ಅವನು ಅಲ್ಲಿಯೇ ಬಸ್ಸಿಳಿದು ನಡೆದು ಬಂದ.

ಬೆಂಕಿ ಎಂದರೆ ಬರಿಯ ಪಾಪವೇ? ಅದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಾಗೆ ಎಣಿಸಿದವರಲ್ಲ. ಬೇಸಗೆ ಬಲಿಯುವ ಮುನ್ನ, ಇಬ್ಬನಿ ಇನ್ನೂ ಬೀಳುತ್ತಿರುವಾಗಲೇ, ನೆಲದ ಒಣ ಎಲೆಗಳಿಗೆ ಸಣ್ಣಗೆ ಬೆಂಕಿ ಹಾಕುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದೇ ಹೆಸರು. ಪಾದದೆತ್ತರದ ಉರಿ, ಮರಕ್ಕೆ ಏನೂ ಆಗದು, ಕಸ ಹೋಗುತ್ತದೆ, ಕಡುಬೇಸಗೆಯಲ್ಲಿ ದೊಡ್ಡ ಬೆಂಕಿಗೆ ತಿನ್ನಲು ಏನೂ ಉಳಿಯದು. 1974ರಲ್ಲಿ ಅದು ವನ್ಯಧಾಮವಾದ ಮೇಲೆ ಈ ಪದ್ಧತಿ ನಿಂತಿತು. ತರಗು ಬೆಂಕಿ ನಿಂತ ಮೇಲೆಯೇ ಲಂಟಾನ ಕಾಡು ತುಂಬಿತು, ನೆಲ್ಲಿ ಮರಗಳಿಗೆ ಬಂದಣಿಕೆ ಹತ್ತಿತು ಎಂದು ಸೋಲಿಗರ ಹಿರಿಯರು ಹೇಳುವುದನ್ನು ಸಂಶೋಧಕರು ಬರೆದಿಟ್ಟಿದ್ದಾರೆ. ಇಂದು ಲಂಟಾನ ಇಷ್ಟು ದಟ್ಟವಾಗಿರುವಾಗ ಹಿಂದಿನ ಹಾಗೆ ಬೆಂಕಿ ಹಾಕಿದರೆ ಸಣ್ಣಗೆ ಉರಿಯುತ್ತದೆಂಬ ಭರವಸೆಯಿಲ್ಲ, ಅದೂ ನಿಜ. ಅರಣ್ಯ ಇಲಾಖೆಯವರು ಬೇಸಗೆಗೆ ಮುನ್ನ ಕಾಡಿನ ಉದ್ದಕ್ಕೂ ಪಟ್ಟೆ ಪಟ್ಟೆಯಾಗಿ ಹುಲ್ಲು ಸವರಿ ಸುಟ್ಟು ಬೆಂಕಿರೇಖೆ ಎಳೆಯುತ್ತಾರೆ. ಮುಂಚೆಯೇ ನೆಲ ಕರಿಯಾಗಿದ್ದರೆ ಬೆಂಕಿ ಅಲ್ಲಿ ನಿಲ್ಲುತ್ತದೆ. ಹಾಡಿಯ ಹಿರಿಯ ಅಂಗಿ ಹಿಡಿದೆಳೆದು ಕಲಿಸಿದ್ದೂ ಇದನ್ನೇ.

ನಮ್ಮ ಭಾವಮೈದುನನನ್ನು ಸರಿಮಾಡಿದ್ದೂ ಆ ಹಿರಿಯನೇ. ಮುಂದಿನ ಡಿಸೆಂಬರಿನಲ್ಲಿ ಮನೆಗೆ ಬಂದು, ರೇಖೆ ಸುಡುವ ಕೂಲಿಗೆ ಆಳು ಬೇಕಂತೆ, ಹೊರಡು ಎಂದ. ಅತ್ತೆಯವರು ಜಗಳವಾಡಿದರು. ನಾವೂ ಫೋನಿನಲ್ಲಿ ಬೇಡವೆಂದೆವು. ಹುಡುಗ ಹೋದ. ತಾನೇ ಬೆಂಕಿ ಇಟ್ಟು, ತಾನೇ ಬಡಿದು ಆರಿಸಿ, ಸಂಜೆ ಬಂದು ಆ ರಾತ್ರಿ ನಿದ್ದೆ ಮಾಡಿದನಂತೆ. ಅಂದಿನಿಂದ ಪ್ರತಿ ಬೇಸಗೆಯಲ್ಲೂ ಅವನು ಬೆಂಕಿ ಕಾವಲಿನ ತಂಡದಲ್ಲಿದ್ದಾನೆ. ಬಸ್ಸಿನಲ್ಲಿ ಈಗ ಯಾರೂ ಏನೂ ಅನ್ನುವುದಿಲ್ಲ.

ಮೆಲ್ಬರ್ನ್ ವಿಶ್ವವಿದ್ಯಾಲಯದವರು 2009ರ ಬೆಂಕಿಯಲ್ಲಿ ಉಳಿದವರನ್ನು ವರ್ಷಗಟ್ಟಲೆ ವಿಚಾರಿಸಿ ಬರೆದಿರುವುದನ್ನು ಓದಿದಾಗ ಈ ಹುಡುಗನೇ ಕಣ್ಣಮುಂದೆ ಬಂದ. ಹೆಚ್ಚಿನವರು ಚೇತರಿಸಿಕೊಂಡರಾದರೂ ಕೆಲವರಿಗೆ ಬಹಳ ವರ್ಷ ಹಿಡಿಯಿತು. ಊರಿನ ಸಂಘಗಳೊಂದಿಗೆ ಸೇರಿಕೊಂಡವರ ಮನಸ್ಸು ಒಂಟಿಯಾಗಿದ್ದವರದ್ದಕ್ಕಿಂತ ಮೇಲಾಗಿತ್ತಂತೆ. ನಮ್ಮ ಸಂಘದ ಕಾರ್ಯದರ್ಶಿಗಳು ಇದನ್ನು ಕೇಳಿ ಬಹಳ ಹಿಗ್ಗಿ, ಸದಸ್ಯತ್ವದ ಕರಪತ್ರದಲ್ಲಿ ಹಾಕಿಸೋಣವೆಂದರು. ಅತಿಯಾಗಿ ಸಂಘಗಳಿಗೆ ಅಂಟಿಕೊಂಡವರಿಗೆ ಆ ಲಾಭ ಅಷ್ಟಿಲ್ಲವೆಂದೂ ಅದೇ ವರದಿಯಲ್ಲಿದೆ ಎಂದಾಗ ಸುಮ್ಮನಾದರು.

ನುಮಾಯಿಷಿನಲ್ಲಿ ಭಾವಮೈದುನನಿಗೆ ನಾವು ಬಾಗಿಲುಗಳನ್ನು ಒಂದೊಂದಾಗಿ ತೋರಿಸಿದೆವು. ಅವನು ಮನಸ್ಸಿನಲ್ಲೇ ಎಣಿಸಿಕೊಂಡ. ಆಮೇಲೆ ಅಕ್ಕನಿಗೆ ಶಾಲು, ಅಮ್ಮನಿಗೆ ಒಂದು ಹಿತ್ತಾಳೆಯ ದೀಪ ಕೊಂಡ. ಹೊರಗೆ ಬರುವಾಗ ರಸ್ತೆಯಂಚಿನಲ್ಲಿ ಒಬ್ಬಾಕೆ ಕೆಂಡದ ಮೇಲೆ ಮುಸುಕಿನ ಜೋಳದ ತೆನೆ ಸುಡುತ್ತಿದ್ದಳು, ಬೀಸಣಿಗೆ ಬೀಸಿದಾಗಲೆಲ್ಲ ಕಿಡಿ ಹಾರುತ್ತಿತ್ತು. ಹುಡುಗ ನಿಂತ. ಮನೆಯಾಕೆ ನಮ್ಮ ಕೈ ಹಿಡಿದುಕೊಂಡರು. ಅವನು ಸ್ವಲ್ಪ ಹೊತ್ತು ಕೆಂಡವನ್ನೇ ನೋಡಿ, ಬಗ್ಗಿ, “ಇನ್ನೊಸಿ ಬೇಯ್ಲಿ ಅಂತ ಹೇಳಿ ಭಾವ, ನಂಗೆ ಇವರ ಭಾಷೆ ಬರಕಿಲ್ಲ” ಎಂದ. ಎರಡು ತಿಂದ. ದುಡ್ಡು ಕೊಡಲು ನಮ್ಮನ್ನು ಬಿಡಲಿಲ್ಲ.