ಮೇ ರಜೆಗೆ ಯಾವ ದ್ವೀಪ?
ಮುಂಬಯಿಯ ಗ್ರಾಂಟ್ ರೋಡ್ ನಿಂತಿರುವುದೇ ದ್ವೀಪದ ಮೇಲೆ. ಏಳು ದ್ವೀಪಗಳ ನಡುವಿನ ಕಡಲನ್ನು ಮಣ್ಣು ತುಂಬಿ ಮುಚ್ಚಿದ ಮೇಲೆ ಅದು ಯಾರಿಗೂ ನೆನಪಾಗುವುದಿಲ್ಲ, ಅಷ್ಟೆ. ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ಗಿರಗಾಂವ್ ಚೌಪಾಟಿ ಭೇಲ್‌ಪುರಿಗೆ ಸರಿ, ಈಜಿಗಲ್ಲ. ಹಾಗಾಗಿ ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ಇಲ್ಲಿನ ಕನ್ನಡ ಮನೆಗಳಲ್ಲೂ ಅಂಡಮಾನೋ ಮಾಲ್ಡೀವ್ಸೋ ಎಂಬ ಲೆಕ್ಕಾಚಾರ ಶುರು. ಫೋಟೊದಲ್ಲಿ ಎಲ್ಲ ಕಡಲೂ ಒಂದೇ ನೀಲಿ, ವ್ಯತ್ಯಾಸವಿರುವುದು ಕ್ಯಾಲೆಂಡರಿನಲ್ಲಿ. ಮುಂಗಾರು ಮುಂಬಯಿಗೆ ಬರುವುದು ಜೂನ್ 11ರ ಆಸುಪಾಸು. ಅಂಡಮಾನಿಗೆ ಸಾಮಾನ್ಯವಾಗಿ ಮೇ ಮೂರನೇ ವಾರದಲ್ಲೇ ಕಾಲಿಡುತ್ತದೆ. ಅಲ್ಲಿನ ರಾಧಾನಗರ ಬೀಚಿನ ಬಿಳಿ ಮರಳಿಗೆ ಆಸೆಪಟ್ಟವರು ಜನವರಿಯಿಂದ ಏಪ್ರಿಲ್ ಒಳಗೆ ಹೋಗಿಬರುವುದು ಲೇಸು. ಮಾಲ್ಡೀವ್ಸ್, ಲಕ್ಷದ್ವೀಪಗಳ ಪಾಡೂ ಹೆಚ್ಚುಕಡಿಮೆ ಅದೇ: ಮೇ ಹೊತ್ತಿಗೆ ಕಡಲು ಮುನಿಯತೊಡಗುತ್ತದೆ. ಲಕ್ಷದ್ವೀಪಕ್ಕಾದರೆ ಪರ್ಮಿಟ್ ಬೇರೆ ಮಾಡಿಸಬೇಕು. ಶ್ರೀಲಂಕಾದ ಸಂಗತಿಯೇ ಸ್ವಾರಸ್ಯ. ಕೊಲಂಬೊ ಕಡೆಯ ತೀರ ನೆನೆಯುವಾಗ, ನಡುವಿನ ಬೆಟ್ಟಗಳ ಮರೆಯಲ್ಲಿರುವ ಟ್ರಿಂಕೋಮಲಿ ಬಿಸಿಲು ಕಾಯಿಸುತ್ತಿರುತ್ತದೆ. ಭೂಮಧ್ಯರೇಖೆಯ ಆಚೆಗಿನ ಮಾರಿಷಸ್‌ನಲ್ಲಿ ಮೇ ಎಂದರೆ ಚಂಡಮಾರುತಗಳ ಕಾಲ ಕಳೆದು ಹಿತವಾದ ಚಳಿ ಶುರುವಾಗುವ ತಿಂಗಳು. ಜೇಬು ಒಪ್ಪಿದರೆ ಮೇ ರಜೆಗೆ ಅದೇ ಸರಿ. ಹೇಗೂ ಊರಿಗೆ, ಉಡುಪಿಗೆ ಹೊರಟವರಿಗೆ ಮಲ್ಪೆಯಿಂದ ದೋಣಿಯೇರಿದರೆ ಸೇಂಟ್ ಮೇರೀಸ್ ದ್ವೀಪವಿದೆ. ಅಲ್ಲಿ ಸಪಾಟು ಮರಳಿಗಿಂತ ಚಿಪ್ಪು, ಕಲ್ಲುಗಳೇ ಹೆಚ್ಚು, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಆರಿ ಕಂಬ ಕಂಬವಾಗಿ ನಿಂತಿದೆ. ಮೇ ಮೊದಲರ್ಧದಲ್ಲೇ ನೋಡಿಬಿಡುವುದು ಜಾಣತನ, ಮಳೆಗಾಲಕ್ಕೆ ಆ ದೋಣಿಗಳು ನಿಂತುಬಿಡುತ್ತವೆ.