ಮೊದಲ ಗಿರಾಕಿ ನಾವಾಗೋಣ

ಕಾಸರಗೋಡಿನ ಕೃಷಿಕರೇ, ಸಹಕಾರಿ ಬಂಧುಗಳೇ, ಪಂಚಾಯಿತಿ ಸದಸ್ಯರೇ,

ಓದು ಮುಗಿಸಿದ ನಮ್ಮ ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೊರಡುತ್ತಾರೆ. ನಮ್ಮಲ್ಲೂ ಐಟಿ ಪಾರ್ಕ್ ಆಗಲಿ ಎಂದು ಕೇಳುತ್ತಾ ಬಂದಿದ್ದೇವೆ. ಆಗಲಿ, ಸಂತೋಷ. ಆದರೆ ಹೊಸ ಉದ್ಯಮಕ್ಕೆ ಕಟ್ಟಡಕ್ಕಿಂತ ಮೊದಲು ಬೇಕಾದದ್ದು ಗಿರಾಕಿ. ಕೊಚ್ಚಿ, ತಿರುವನಂತಪುರಗಳು ಬೆಳೆದ ಬಗೆಯನ್ನು ನೋಡಿ.

1977ರಲ್ಲಿ ಕೊಚುಸೇಫ್ ಚಿಟ್ಟಿಲಪ್ಪಿಳ್ಳಿ ತಂದೆಯಿಂದ ಒಂದು ಲಕ್ಷ ರೂಪಾಯಿ ಸಾಲ ಪಡೆದು ಕೊಚ್ಚಿಯಲ್ಲಿ ಸ್ಟೆಬಿಲೈಸರ್ ತಯಾರಿಸತೊಡಗಿದರು. ವೋಲ್ಟೇಜಿನ ಏರಿಳಿತ ಮನೆಮನೆಯ ಕಷ್ಟವಾಗಿತ್ತು, ಆದ್ದರಿಂದ ಕೊಳ್ಳುವವರೂ ಪಕ್ಕದಲ್ಲೇ ಇದ್ದರು. ಅದೇ ಇಂದಿನ ವಿ-ಗಾರ್ಡ್.

ತಿರುವನಂತಪುರದ ಕತೆ ಇನ್ನೂ ದೊಡ್ಡದು. ಮುಂದೆ ಮಣಿಪಾಲಕ್ಕೆ ಕುಲಪತಿಯಾಗಿ ಬಂದ ಡಾ. ಎಂ. ಎಸ್. ವಲಿಯತ್ತಾನ್ ಅಲ್ಲಿ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು ಕಟ್ಟಿದರು. ಆಸ್ಪತ್ರೆಯ ಜೊತೆಗೇ, ರಾಜಮನೆತನ ಬಿಟ್ಟುಕೊಟ್ಟ ಪೂಜಪ್ಪುರದ ಅರಮನೆಯಲ್ಲಿ ವೈದ್ಯಕೀಯ ಉಪಕರಣಗಳ ಸಂಶೋಧನೆ ನಡೆಯಿತು. ಅಲ್ಲಿ ರೂಪುಗೊಂಡ ಹೃದಯದ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಲಾಯಿತು. ರಕ್ತವನ್ನು ಗಾಜಿನ ಬಾಟಲಿಯಲ್ಲಿ ಶೇಖರಿಸುತ್ತಿದ್ದ ಕಾಲದಲ್ಲಿ ಪ್ಲಾಸ್ಟಿಕ್ ಚೀಲದ ತಂತ್ರಜ್ಞಾನವೂ ಅಲ್ಲೇ ಸಿದ್ಧವಾಯಿತು. ಅದನ್ನು ನಂಬಿ ಸಿ. ಬಾಲಗೋಪಾಲ್ ಐಎಎಸ್ ಹುದ್ದೆಗೇ ರಾಜೀನಾಮೆ ಕೊಟ್ಟು ಪೆನಿನ್ಸುಲಾ ಪಾಲಿಮರ್ಸ್ ಆರಂಭಿಸಿದರು. ಆಸ್ಪತ್ರೆಗಳು ಬಾಟಲಿ ಬಿಟ್ಟು ಚೀಲಕ್ಕೆ ಬಂದಂತೆ ಕಾರ್ಖಾನೆಯೂ ಬೆಳೆಯಿತು. ಮುಂದೆ ಜಪಾನಿನ ಟೆರುಮೊ ಕಂಪನಿ ಪಾಲುದಾರನಾಗಿ ಬಂತು.

ಮೊನ್ನೆ ಮೊನ್ನೆ, 2018ರಲ್ಲಿ, ಕುಟ್ಟಿಪ್ಪುರಂ ಕಾಲೇಜಿನಲ್ಲಿ ಓದಿದ ಹುಡುಗರು ಮ್ಯಾನ್‌ಹೋಲ್ ಶುಚಿಗೊಳಿಸುವ ‘ಬ್ಯಾಂಡಿಕೂಟ್’ ಯಂತ್ರ ಮಾಡಿದರು. ಕೇರಳ ಜಲ ಪ್ರಾಧಿಕಾರ ಅದನ್ನು ತಿರುವನಂತಪುರದ ಗುಂಡಿಗಳಿಗೆ ಇಳಿಸಿತು. ಮನುಷ್ಯರು ಉಸಿರುಕಟ್ಟಿ ಸಾಯುತ್ತಿದ್ದ ಕೆಲಸಕ್ಕೆ ಯಂತ್ರ ಬಂತು, ಹುಡುಗರ ಕಂಪನಿಗೆ ಬೇರೆ ರಾಜ್ಯಗಳಲ್ಲೂ ದಾರಿ ತೆರೆಯಿತು.

ಐಟಿ ಪಾರ್ಕಿನ ಲಾಭವೂ ಸಣ್ಣದಲ್ಲ. 1990ರಲ್ಲಿ ಶುರುವಾದ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಇಂದು 70,000ಕ್ಕೂ ಹೆಚ್ಚು ಜನರಿಗೆ ಕೆಲಸವಿದೆ. ಕಳಕ್ಕೂಟ್ಟಂನಲ್ಲಿ ಹೋಟೆಲು, ಬಾಡಿಗೆ ಮನೆ, ಆಟೋ ಎಲ್ಲವೂ ಅದರ ಸುತ್ತ ಬೆಳೆದಿವೆ. ಇಷ್ಟೆಲ್ಲ ರಾಜ್ಯದ ಆ ತುದಿಯಲ್ಲೇ ಆಯಿತೆಂಬುದು ನಮ್ಮ ನೋವು. ದೂರುತ್ತ ಕೂತರೆ ಆಗದು, ಮಾದರಿ ನಮ್ಮಲ್ಲೇ ಇದೆ. ಅಡಿಕೆ ಧಾರಣೆ ಕುಸಿದಾಗ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಗಡಿಯ ಎರಡೂ ಕಡೆಯ ಕೃಷಿಕರು ಸೇರಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಕೊಕ್ಕೋ ಕೇಳುವವರಿಲ್ಲದಾಗ ಕ್ಯಾಂಪ್ಕೋವೇ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಎದ್ದಿತು.

ಇಂದು ನಮ್ಮ ಕಷ್ಟಗಳೇನು ಕಡಿಮೆಯೇ? ಮರ ಏರುವವರು ಸಿಗುವುದಿಲ್ಲ. ಮಳೆಯ ನಡುವೆ ಬೋರ್ಡೋ ದ್ರಾವಣ ಹೊಡೆಯಲು ಜನವಿಲ್ಲ. ಎಲೆಚುಕ್ಕಿ ರೋಗ ತೋಟಗಳನ್ನು ತಿನ್ನುತ್ತಿದೆ. ಇವಕ್ಕೆ ಪರಿಹಾರ ಹುಡುಕಬಲ್ಲ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, ಕಾಸರಗೋಡಿನಲ್ಲೇ ಇದೆ. ತಿರುವನಂತಪುರಕ್ಕೆ ಶ್ರೀ ಚಿತ್ರಾ ಆದದ್ದು ನಮಗೆ ಸಿಪಿಸಿಆರ್‌ಐ ಆಗಬಾರದೇಕೆ?

1996ರ ಜನಕೀಯಾಸೂತ್ರಣ ಎಂಬ ಜನತಾ ಯೋಜನಾ ಆಂದೋಲನದಿಂದ ಪಂಚಾಯಿತಿಗಳ ಕೈಗೆ ಯೋಜನೆಯ ಹಣ ಬರುತ್ತಿದೆ. ಅದರಲ್ಲಿ ಒಂದು ಪಾಲನ್ನು ಇಲ್ಲಿನ ಯುವಕ ಯುವತಿಯರು ತಯಾರಿಸಿದ ಯಂತ್ರ, ಉಪಕರಣ ಕೊಳ್ಳಲು ಮೀಸಲಿಡಿ. ಯಾವ ಕೆಲಸಕ್ಕೆ ಯಂತ್ರ ಬೇಕೆಂದು ಗ್ರಾಮಸಭೆಯಲ್ಲಿ ಕೃಷಿಕರೇ ಹೇಳಲಿ. ಹಣ ಪೋಲಾದೀತೆಂಬ ಆತಂಕ ನ್ಯಾಯವೇ. ಹಾಗಾಗಿ ಮೊದಲು ಒಂದೆರಡು ಯಂತ್ರ ಮಾತ್ರ ಕೊಳ್ಳಿ, ಒಂದು ಮಳೆಗಾಲ ತೋಟದಲ್ಲಿ ಓಡಿಸಿ, ಫಲಿತಾಂಶವನ್ನು ಪಂಚಾಯಿತಿ ಕಚೇರಿಯಲ್ಲಿ ಅಂಟಿಸಿ. ಸಹಕಾರಿ ಬ್ಯಾಂಕುಗಳು ಪಂಚಾಯಿತಿಯ ಖರೀದಿ ಆರ್ಡರನ್ನೇ ಆಧಾರವಾಗಿಟ್ಟು ಸಾಲ ಕೊಡಲಿ. ಸರಕು ತಲುಪಿದ ಮೂವತ್ತು ದಿನಗಳೊಳಗೆ ಬಿಲ್ ಪಾವತಿಯಾಗಲಿ. ತಿಂಗಳುಗಟ್ಟಲೆ ಕಾಯುವಷ್ಟು ಹಣ ಹೊಸಬರ ಕೈಯಲ್ಲಿ ಇರುವುದಿಲ್ಲ.