ವೈದ್ಯನಿಗೇಕೆ ಸರ್ಕಾರದ ಆರೋಗ್ಯ ಕಾರ್ಡು?

ಖಾಸಗಿ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಸೇವೆ ಸಲ್ಲಿಸುತ್ತಿರುವ ನಾನು, ನನ್ನ ಮನೆಯವರೆಲ್ಲರ ಹೆಸರನ್ನು ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ನೋಂದಾಯಿಸಿದ್ದೇನೆ. ಇದನ್ನು ಕೇಳಿ ಸಹೋದ್ಯೋಗಿಗಳಲ್ಲಿ ಕೆಲವರು ನಕ್ಕರು. ‘ದುಡಿದು ಸಂಪಾದಿಸುವ ವೈದ್ಯರಿಗೆ ಬಡವರ ಕಾರ್ಡು ಏಕೆ ಬೇಕು?’ ಎಂಬುದು ಅವರ ಪ್ರಶ್ನೆ. ಸದ್ಭಕ್ತರಲ್ಲಿಯೂ ಅನೇಕರ ಮನದಲ್ಲಿ ಇದೇ ಪ್ರಶ್ನೆ ಇರುವುದರಿಂದ ಅದಕ್ಕೆ ಇಲ್ಲಿ ಉತ್ತರ ಬರೆಯುವುದು ಉಚಿತವೆನಿಸುತ್ತದೆ.

ಮೊದಲನೆಯದಾಗಿ, ಇದು ಬಡವರಿಗೆ ಮಾತ್ರ ಮೀಸಲಾದ ಯೋಜನೆಯಲ್ಲ. 2018ರಲ್ಲಿ ಆರಂಭಗೊಂಡ ಈ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ದೊರೆಯುತ್ತದೆ. ನಮ್ಮಂತಹ ಎಪಿಎಲ್ ಕುಟುಂಬಕ್ಕೆ ಸರ್ಕಾರ ಗೊತ್ತುಪಡಿಸಿದ ದರದಲ್ಲಿ ಶೇ. 30ರಷ್ಟು ನೆರವು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಮೀರದಂತೆ, ಸಲ್ಲುತ್ತದೆ. ಉಳಿದ ಶೇ. 70ನ್ನು ನಾವೇ ಭರಿಸಬೇಕು. ಆದರೆ ಅದಕ್ಕೂ ಸರ್ಕಾರದ ದರವೇ ಆಧಾರವೆಂಬುದನ್ನು ಮರೆಯಬಾರದು. ದೊಡ್ಡ ಶಸ್ತ್ರಚಿಕಿತ್ಸೆಗಾಗಿ ಹೊಲ ಅಡವಿಟ್ಟ ಮಧ್ಯಮ ವರ್ಗದ ಕುಟುಂಬಗಳನ್ನು ಕಂಡವರಿಗೆ ಈ ನೆರವು ಅಲ್ಪವೆನಿಸದು.

ಎರಡನೆಯದಾಗಿ, ಖಾಸಗಿ ವಿಮೆಯೊಂದೇ ಸಾಲದು. ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳಿಗೆ ಖಾಸಗಿ ವಿಮಾ ಕಂಪನಿಗಳು ಮೂರು ವರ್ಷಗಳವರೆಗೂ ಕಾಯುವ ಅವಧಿ ವಿಧಿಸಬಹುದು. ವಯಸ್ಸಾದಂತೆ ವಿಮಾ ಕಂತೂ ಏರುತ್ತ ಹೋಗುತ್ತದೆ. ಸರ್ಕಾರದ ಯೋಜನೆಯಲ್ಲಿ ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಉಂಟು. ವೈದ್ಯನಾದ ಮಾತ್ರಕ್ಕೆ ಮುಪ್ಪಾಗಲಿ ರೋಗವಾಗಲಿ ನನ್ನನ್ನು ಬಿಟ್ಟು ಹೋಗುವುದಿಲ್ಲ.

ಮೂರನೆಯ ಕಾರಣವನ್ನು ನನಗೆ ಕಲಿಸಿದ್ದು ನನ್ನ ಕಾಯಕವೇ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಯ ಪ್ರಾಣ ಉಳಿಸುವುದು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದ್ದರಿಂದ ಆಸ್ಪತ್ರೆಯ ಬಾಗಿಲು ತೆರೆಯುವುದಕ್ಕೆ ಕಾರ್ಡು ಬೇಕಿಲ್ಲ. ಕಾರ್ಡು ಬೇಕಾಗುವುದು ಅನಂತರ. ಉಸಿರು, ರಕ್ತದೊತ್ತಡಗಳು ಹತೋಟಿಗೆ ಬಂದ ಮೇಲೆ ‘ಮುಂದೇನು?’ ಎಂಬ ಪ್ರಶ್ನೆ ಎದುರಾಗುತ್ತದೆ. ಹೃದಯದ ರಕ್ತನಾಳ ತೆರೆಯಬೇಕೆ, ತಲೆಯ ಶಸ್ತ್ರಚಿಕಿತ್ಸೆಗೆ ಕಳುಹಿಸಬೇಕೆ, ತೀವ್ರ ನಿಗಾ ಘಟಕದಲ್ಲಿ ಎಷ್ಟು ದಿನ ಇರಿಸಬೇಕು ಎಂಬ ನಿರ್ಧಾರಗಳು ಆಗಲೇ ಆಗಬೇಕು. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಹೃದಯಾಘಾತದಲ್ಲಿ ಒಂದೊಂದು ನಿಮಿಷವೂ ಹೃದಯದ ಸ್ನಾಯುವಿನ ಅಳಿವು ಉಳಿವಿನ ಪ್ರಶ್ನೆ. ಈ ಹೊತ್ತಿನಲ್ಲಿ ಮನೆಯವರು ‘ಹಣ ಹೊಂದಿಸಿಕೊಂಡು ಹೇಳುತ್ತೇವೆ’ ಎಂದು ಹೊರಗೆ ಹೋದರೆ, ನಮ್ಮ ವಿದ್ಯೆಯೆಲ್ಲ ಅವರ ದಾರಿ ಕಾಯುತ್ತ ನಿಲ್ಲಬೇಕಾಗುತ್ತದೆ.

ಈ ಯೋಜನೆಯಲ್ಲಿ ದೊಡ್ಡ ಚಿಕಿತ್ಸೆಗಳಿಗೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯವಿಲ್ಲದಿದ್ದರೆ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ತೆರಳಬೇಕು. ಆದರೆ ಸುಮಾರು 170 ತುರ್ತು ಚಿಕಿತ್ಸೆಗಳಿಗೆ ಈ ಪತ್ರ ಬೇಕಿಲ್ಲ; ನೇರವಾಗಿ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಅನೇಕರಿಗೆ ಇದು ತಿಳಿದೇ ಇಲ್ಲ. ತಿಳಿದವರಿಗೂ ಕಾಗದಪತ್ರಗಳ ತೊಡಕು ತಪ್ಪಿದ್ದಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇರುತ್ತದೆ. ಸೊಸೆ ಮನೆಗೆ ಬಂದು ಐದು ವರ್ಷಗಳಾದರೂ ಅವಳ ಹೆಸರು ಪಡಿತರ ಚೀಟಿಗೆ ಸೇರಿರುವುದಿಲ್ಲ. ಇವನ್ನೆಲ್ಲ ಸರಿಪಡಿಸುವ ಜಾಗ ನಡುರಾತ್ರಿಯ ತುರ್ತು ವಿಭಾಗವಲ್ಲ.

ಯೋಜನೆಯ ಕೊರತೆಗಳನ್ನು ಮುಚ್ಚಿಡುವುದು ಸಲ್ಲದು. ಹೊರರೋಗಿಯಾಗಿ ಪಡೆಯುವ ಚಿಕಿತ್ಸೆ, ದಿನವೂ ನುಂಗುವ ಮಾತ್ರೆಗಳು ಇದರಲ್ಲಿ ಸೇರುವುದಿಲ್ಲ. ಎಲ್ಲ ಆಸ್ಪತ್ರೆಗಳೂ ಇದರಲ್ಲಿ ನೋಂದಣಿಯಾಗಿಲ್ಲ. ದರ ಕಡಿಮೆ, ಹಣ ತಡವಾಗಿ ಬರುತ್ತದೆ ಎಂಬುದು ಖಾಸಗಿ ಆಸ್ಪತ್ರೆಗಳ ದೂರು. ಇವು ತಿದ್ದಬೇಕಾದ ದೋಷಗಳೇ ಹೊರತು ಯೋಜನೆಯಿಂದ ದೂರ ಉಳಿಯುವುದಕ್ಕೆ ನೆಪಗಳಲ್ಲ. ಉಳ್ಳವರು, ಓದಿದವರು, ವೈದ್ಯರು ತಮಗೆ ಸಂಬಂಧವಿಲ್ಲವೆಂದು ಹೊರಗುಳಿದರೆ ಅದನ್ನು ತಿದ್ದಿರೆಂದು ಕೇಳುವ ದನಿಯೂ ಕ್ಷೀಣಿಸುತ್ತದೆ. ಮಠದ ದಾಸೋಹವನ್ನು ನೆನೆಯಿರಿ. ಸಿರಿವಂತನೂ ಕೂಲಿಕಾರನೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದರಿಂದಲೇ ಅದು ಭಿಕ್ಷೆಯೆನಿಸದೆ ಪ್ರಸಾದವೆನಿಸುತ್ತದೆ. ಅಡುಗೆಯ ರುಚಿಯ ಬಗ್ಗೆ ಎಲ್ಲರಿಗೂ ಕಾಳಜಿ ಇರುತ್ತದೆ. ಸಾರ್ವಜನಿಕ ಆರೋಗ್ಯ ವಿಮೆಯೂ ಇಂತಹ ಪಂಕ್ತಿಯಾಗಬೇಕು. ನಾನು ನೋಂದಾಯಿಸಿಕೊಂಡಿರುವುದು ಶೇ. 30ರ ನೆರವಿಗಾಗಿ ಮಾತ್ರವಲ್ಲ, ಆ ಪಂಕ್ತಿಯಲ್ಲಿ ಕುಳಿತುಕೊಳ್ಳುವುದಕ್ಕಾಗಿ.

ಭಕ್ತಾದಿಗಳಲ್ಲಿ ನನ್ನ ವಿನಂತಿ ಇಷ್ಟೆ. ಈ ತಿಂಗಳೊಳಗೆ ಮನೆಯ ಎಲ್ಲರ ಆಧಾರ್ ಮತ್ತು ಪಡಿತರ ಚೀಟಿಗಳನ್ನು ಹೊರತೆಗೆದು ಹೆಸರುಗಳು ಹೊಂದುತ್ತವೆಯೇ ನೋಡಿರಿ. ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಾಗಲಿ ಗ್ರಾಮ ಒನ್ ಕೇಂದ್ರದಲ್ಲಾಗಲಿ ವಿಚಾರಿಸಿ ಕಾರ್ಡು ಮಾಡಿಸಿರಿ. ನಿಮ್ಮ ತಾಲ್ಲೂಕಿನಲ್ಲಿ ನೋಂದಾಯಿತ ಆಸ್ಪತ್ರೆ ಯಾವುದೆಂದು ಈಗಲೇ ತಿಳಿದಿಟ್ಟುಕೊಳ್ಳಿರಿ. ಓದು ಬರಹ ಬಲ್ಲ ಯುವಕರು ತಮ್ಮ ಓಣಿಯ ಹಿರಿಯರಿಗೂ ಹೊಲದ ಆಳುಗಳಿಗೂ ಈ ಕೆಲಸದಲ್ಲಿ ನೆರವಾದರೆ ಅದೂ ಒಂದು ದಾಸೋಹವೇ. ಎದೆನೋವು ಹೇಳಿ ಕೇಳಿ ಬರುವುದಿಲ್ಲ. ಕಾರ್ಡನ್ನಾದರೂ ಮುಂಚಿತವಾಗಿ ಮಾಡಿಸಿಡುವುದು ನಮ್ಮ ಕೈಯಲ್ಲಿದೆ.